ಅತ್ತೆಯ ಬೆನ್ನ ಮೇಲೆ ಇಟ್ಟ ಕಾಲು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ಮನೆಯ ಹಿರಿಯರ ನೋವು, ನೆಗೆಣ್ಣಿ-ವಾರಗಿತ್ತಿಯರ ನಡುವಿನ ಮಾತು, ಇವೆಲ್ಲ ನಾಲ್ಕು ಜನರ ಮುಂದೆ ಇಡುವ ಸಂಗತಿಗಳಲ್ಲ. ನನ್ನ ಓದೂ ಅಷ್ಟಕ್ಕಷ್ಟೇ. ಮದುವೆಯಾದ ಮೇಲೆ ಸಂಜೆ ತರಗತಿಗೆ ಹೋಗಿ, ಇಪ್ಪತ್ತೇಳನೆಯ ವಯಸ್ಸಿಗೆ ಹತ್ತನೆಯದು ಪಾಸು ಮಾಡಿದವಳು ನಾನು. ತಪ್ಪು ಬರೆದರೆ ತಿದ್ದಲು ಅತ್ತೆ ಈಗಿಲ್ಲ. ಹೆದರಿಕೆ ಹೆಚ್ಚಾಗಿರುವುದು ಅದಕ್ಕೇ. ಆದರೂ ಆದದ್ದನ್ನು ಆದಂತೆ ಬರೆಯುತ್ತೇನೆ, ನನಗೆ ನಾಚಿಕೆ ತರುವುದನ್ನೂ ಬಿಡದೆ.

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ನಮ್ಮಲ್ಲಿ ಮರಾಠಿ ಮಾತಾಡುವವರು ಅಂಥವರನ್ನು ಪಾಯಾಳು ಎನ್ನುತ್ತಾರೆ. ಅವರು ಎಡಗಾಲಿನಿಂದ ಮೂರು ಸಲ ಮುಟ್ಟಿದರೆ ಹಿಡಿದ ಟೊಂಕ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೆಣ್ಣು ನೋಡಲು ನನ್ನ ತವರು ಮನ್ನಾಏಖೇಳ್ಳಿಗೆ ಬಂದಿದ್ದ ಅತ್ತೆ ಲಲಿತಾಬಾಯಿ ನನ್ನ ಬಣ್ಣ ನೋಡಲಿಲ್ಲ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದೂ ಕೇಳಲಿಲ್ಲ.

"ಈಕಿ ಕಾಲ ಮುಂದಾಗಿ ಹುಟ್ಟ್ಯಾಳಂತ, ಖರೇ ಏನ್ರಿ?" ಎಂದಷ್ಟೇ ಕೇಳಿದರು.

ನಮ್ಮವ್ವ ಅಂಜುತ್ತಲೇ ಹೌದೆಂದಳು.

"ಹಂಗಾದ್ರ ಆತು ಬಿಡ್ರಿ. ನಮ್ಮನಿಗಿ ದವಾಖಾನಿನೇ ಬಂದಂಗಾತು."

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಮಾವ ಬಕ್ಕಪ್ಪ ಮತ್ತು ನನ್ನ ಗಂಡ ಶಂಕರಲಿಂಗ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಮೈದುನ ಓಂಪ್ರಕಾಶನಿಗೆ ಹುಮನಾಬಾದಿನ ಒಂದು ಕಚೇರಿಯಲ್ಲಿ ನೌಕರಿ; ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದ. ಭಾನುವಾರ ಮತ್ತು ಅಮಾವಾಸ್ಯೆಯ ಬೆಳಿಗ್ಗೆ ಓಣಿಯವರು ನಮ್ಮ ಪಡಸಾಲೆಗೆ ಬರುತ್ತಿದ್ದರು. ಗೋಣಿ ತಟ್ಟಿನ ಮೇಲೆ ಬೋರಲು ಮಲಗುತ್ತಿದ್ದರು. ನಾನು ಎಡಗಾಲು ತೊಳೆದುಕೊಂಡು, ಗೋಡೆ ಹಿಡಿದು, ಮೂರು ಸಲ ಮುಟ್ಟುತ್ತಿದ್ದೆ. ಮುಟ್ಟುವುದಷ್ಟೇ, ಭಾರ ಹಾಕುವಂತಿಲ್ಲ. ಮೂಟೆ ಹೊರುವ ಬಂಡೆಪ್ಪ ಬರುತ್ತಿದ್ದ, ಟೇಲರ್ ಮೊಹಿನುದ್ದೀನ್ ಬರುತ್ತಿದ್ದರು, ಪಕ್ಕದ ಮನೆಯ ಪಾರ್ವತಿಬಾಯಿಯಂತೂ ತಿಂಗಳಿಗೆ ಎರಡು ಸಲ. ಅತ್ತೆಗೂ ಒಮ್ಮೊಮ್ಮೆ ಕಾಲಿಡುತ್ತಿದ್ದೆ. ಹಿರಿಯರಿಗೆ ಕಾಲು ತಾಕಿಸಿದ ದೋಷ ಬೇಡವೆಂದು ಆಮೇಲೆ ಅವರ ಪಾದ ಮುಟ್ಟುತ್ತಿದ್ದೆ. "ಸೊಸಿ ಕಾಲಾಗ ಬೀಳೋ ಅತ್ತಿ ನಾ ಒಬ್ಬಾಕಿನೇ ನೋಡ್ರಿ" ಎಂದು ಅತ್ತೆ ಬಂದವರೆದುರು ನಗುತ್ತಿದ್ದರು.

ಒಂಬತ್ತು ವರ್ಷ ಹೀಗೆ ನಡೆಯಿತು.

ತೊಂಬತ್ತೇಳರ ಬೇಸಿಗೆಯಲ್ಲಿ ಓಂಪ್ರಕಾಶನ ಮದುವೆಯಾಯಿತು. ಹುಡುಗಿ ದೀಪಾಲಿ, ಹುಮನಾಬಾದಿನ ಪಕ್ಕದ ಮಾಣಿಕನಗರದವಳು, ಪಿಯುಸಿ ಓದಿದವಳು. ಆ ವರ್ಷ ದಸರೆಯ ಮುಂಚೆ ಮನೆಯ ಕೌದಿಗಳನ್ನೆಲ್ಲ ಒಗೆದೆವು. ನೀರು ಕುಡಿದ ಕೌದಿಯೊಂದನ್ನು ಅತ್ತೆ ಬಾಗಿ ಎತ್ತಿದವರು ಟೊಂಕ ಹಿಡಿದು ಅಲ್ಲೇ ನಿಂತುಬಿಟ್ಟರು. ಆ ಭಾನುವಾರ ನಾನು ಕಾಲಿಟ್ಟೆ. ಮುಂದಿನ ಭಾನುವಾರವೂ ಇಟ್ಟೆ. ಮೂರನೆಯ ಸಲ ಅತ್ತೆ ಗೋಡೆ ಹಿಡಿದು ಎದ್ದರು.

ದೀಪಾವಳಿ ಮುಗಿದ ವಾರ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ದೀಪಾಲಿ ಮಾತು ತೆಗೆದಳು. ಪುಂಡಿ ಪಲ್ಯ, ಬಿಸಿ ರೊಟ್ಟಿ. ನಾನು ಒಲೆಯ ಮುಂದೆ ಇದ್ದೆ.

"ಅತ್ತಿ, ಹುಮನಾಬಾದದಾಗ ಯುನೂಸ್ ಅಂತ ಒಬ್ಬರು ಬಂದಾರ್ರಿ. ಫಿಜಿಯೋಥೆರಪಿ ಕಲ್ತವರು. ಸೂಜಿ ಚುಚ್ಚಂಗಿಲ್ಲ, ಗುಳಗಿ ಕೊಡಂಗಿಲ್ಲ, ಕಸರತ್ತು ಮಾಡಸ್ತಾರ. ನಮ್ಮ ಕಾಕಾಗ ಆರಾಮ ಆಗ್ಯದ."

"ಅರವತ್ತರ ಹೆಂಗಸಿಗಿ ಕಸರತ್ತ?" ಎಂದರು ಮಾವ. "ಮುಂದಿನ ಸಲ ಕುಸ್ತಿಗಿ ಬಿಡ್ತೀರೇನು?"

ಎಲ್ಲರೂ ನಕ್ಕರು. ನಾನು ಬೇಕಾದದ್ದಕ್ಕಿಂತ ಹೆಚ್ಚು ನಕ್ಕೆ.

"ಮನ್ಯಾಗ ಇಲಾಜ ಇರೂಮುಂದ ಹೊರಗ ಯಾಕ ಹೋಗಬೇಕು?" ಎಂದೆ.

"ಮೂರು ಸಲ ಆತಲ್ಲಕ್ಕಾ," ಎಂದಳು ದೀಪಾಲಿ, ಮೆತ್ತಗೆ. "ಆರಾಮ ಎಲ್ಲಾತು?"

"ನಿನ್ನೆ ಮೊನ್ನೆ ಬಂದಾಕಿ ನೀ ಎಣಿಸಾಕತ್ತೀಯೇನು?"

"ಏ ಉಮಾ," ಎಂದು ಗಂಡ ನಡುವೆ ಬಾಯಿ ಹಾಕಿದರು, "ರೊಟ್ಟಿ ಹೊತ್ತಾಕತ್ತದ ನೋಡು ಮೊದಲು."

ರೊಟ್ಟಿ ನಿಜವಾಗಿಯೂ ಹೊತ್ತಿತ್ತು. ಅತ್ತೆ ತಾಟಿನಲ್ಲಿ ಕೈ ತೊಳೆದು ಹೇಳಿದರು, "ಹೋಗಿ ನೋಡ್ತೀನಿ. ಹೋಗಿ ಬಂದ್ರ ಏನ್ ಗಂಟ ಹೋಗ್ತದ?"

ಅತ್ತೆ ಹನ್ನೆರಡು ದಿನ ಮಾಣಿಕನಗರದಲ್ಲಿ ದೀಪಾಲಿಯ ತವರಿನಲ್ಲೇ ಉಳಿದರು. ಜೊತೆಗೆ ದೀಪಾಲಿ. ಕಲ್ಯಾಣದ ಮನೆಯಲ್ಲಿ ನೀರು, ಕಸ, ರೊಟ್ಟಿ, ಮೂರನೇ ಇಯತ್ತೆ ಓದುವ ನನ್ನ ಮಗಳು ಸ್ನೇಹಲ್‌ಳ ಶಾಲೆ, ಎಲ್ಲ ನನ್ನ ಪಾಲಿಗೆ. ಓಂಪ್ರಕಾಶ ಸಂಜೆ ಬಂದು ಸುದ್ದಿ ಹೇಳುತ್ತಿದ್ದ.

"ವೈನಿ, ಅವ್ವ ಇವತ್ತ ಪ್ರಭುಗಳ ಮಠದ ತನಕ ನಡಕೊಂತ ಹೋಗಿ ಬಂದಾಳ್ರಿ! ದೀಪಾಲಿ ಕೈನೂ ಹಿಡಿದಿಲ್ಲಂತ."

ಅಂದು ಅವನ ತಾಟಿಗೆ ರೊಟ್ಟಿಯ ಜೊತೆ ಶೇಂಗಾ ಹಿಂಡಿಯ ಚಟ್ನಿಪುಡಿ ಹಾಕುವುದನ್ನು ಮರೆತೆ. ಮರೆತೆ ಎಂದು ಬರೆದೆ, ಮರೆತಿರಲಿಲ್ಲ.

ಅತ್ತೆ ತಿರುಗಿ ಬಂದಾಗ ಆಟೋದಿಂದ ತಾವಾಗಿಯೇ ಇಳಿದರು. ದೀಪಾಲಿಯ ಕೈಯಲ್ಲಿ ಚಿತ್ರಗಳಿದ್ದ ಒಂದು ಹಾಳೆ. ಮರುದಿನದಿಂದ ಬೆಳಿಗ್ಗೆ ಏಳಕ್ಕೆ ಪಡಸಾಲೆಯಲ್ಲಿ ಚಾಪೆ ಹಾಸಿದರು. ಅತ್ತೆ ಅಂಗಾತ ಮಲಗಿ, ಮೊಣಕಾಲು ಮಡಿಚಿ, ಟೊಂಕ ಮೇಲೆತ್ತುವುದು. ಐದು ಎಣಿಸುವ ತನಕ ತಡೆದು ಇಳಿಸುವುದು. ಹಾಗೆ ಹತ್ತು ಸಲ. ಆಮೇಲೆ ಒಂದೊಂದೇ ಮೊಣಕಾಲನ್ನು ಎದೆಗೆ ಒತ್ತಿಕೊಳ್ಳುವುದು. ಸಂಜೆ ಅರ್ಧ ಗಂಟೆ ನಡಿಗೆ. ಇನ್ನುಳಿದದ್ದನ್ನು ದೀಪಾಲಿ ಎಲ್ಲರ ಮುಂದೆ ಹಾಳೆ ನೋಡಿ ಓದಿದಳು.

"ಟೊಂಕ ಬಾಗಿಸಿ ಏನೂ ಎತ್ತಬಾರದು. ಮೊಣಕಾಲು ಮಡಚಿ ಕುಂತು, ವಜ್ಜಿ ಸಾಮಾನು ಹೊಟ್ಟಿಗಿ ಹಚ್ಚಿ ಹಿಡಕೊಂಡು ಏಳಬೇಕು. ಕೊಡಾ ಟೊಂಕದ ಮ್ಯಾಲ ಇಡಬಾರದು. ಒಲಿ ಮುಂದ ತಾಸುಗಟ್ಲೆ ಕೂಡಬಾರದು. ಹಾಸಿಗಿಂದ ಏಳೂಮುಂದ ಮೊದಲು ಮಗ್ಗಲಿಗಿ ಹೊಳ್ಳಬೇಕು, ಆಮ್ಯಾಲ ಕೈ ಊರಿ ಏಳಬೇಕು. ಬೆನ್ನು ತುಳಿಸೋದು, ಒದಿಸೋದು ಬಿಲ್ಕುಲ್ ಬಂದ್."

ಕೊನೆಯ ಸಾಲು ಓದುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

"ನಿಮ್ಮತ್ತಿ ಈಗ ಎಮ್ಮಿ ಹೊಳ್ಳಿದಂಗ ಹೊಳ್ಳಿ ಏಳತಾಳ," ಎಂದು ಮಾವ ಚೇಷ್ಟೆ ಮಾಡುತ್ತಿದ್ದರು.

"ಹೊಳ್ಳಿ ಎದ್ದು ನಿಮಗೇ ಚಹಾ ಮಾಡ್ತೀನಲ್ಲ, ಸುಮ್ಮ ಕುಡೀರಿ," ಎನ್ನುತ್ತಿದ್ದರು ಅತ್ತೆ.

ನಿಂತು ಅಡಿಗೆ ಮಾಡಲು ಕಟ್ಟೆ ಬೇಕೆಂದಾಯಿತು. ಗೌಂಡಿ ಲಾಲ್ ಅಹ್ಮದ್ ಬಂದು ಎತ್ತರ ಕೇಳಿದ. ಅತ್ತೆ ನಿಂತರು, ದೀಪಾಲಿ ಅವರ ಮೊಣಕೈಗೆ ಟೇಪು ಹಿಡಿದಳು. ಆಮೇಲೆ ತಾನೂ ನಿಂತು ಅಳೆಸಿಕೊಂಡಳು. ಇಬ್ಬರೂ ಎತ್ತರದ ಹೆಂಗಸರು. ನಾನು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದೆ. ಯಾರೂ ಕರೆಯಲಿಲ್ಲ. ಕಟ್ಟೆ ಒಣಗಿದ ಮೇಲೆ ಮೊದಲ ದಿನ ರೊಟ್ಟಿ ಬಡಿಯಲು ನಿಂತರೆ ಹಂಚು ನನ್ನ ಎದೆಗೆ ಬಂತು. ಹಿತ್ತಲಿನಿಂದ ಹಲಗೆಯೊಂದನ್ನು ತಂದು, ಅದರ ಮೇಲೆ ನಿಂತು ಬಡಿದೆ.

"ಅಯ್ಯ, ಅಕ್ಕನ್ನ ಅಳೀಲೇ ಇಲ್ಲಲ್ಲ!" ಎಂದು ದೀಪಾಲಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು.

"ಇರ್ಲಿ ಬಿಡವ್ವ. ನನ್ನ ಟೊಂಕಕ್ಕ ಯಾರು ಕೇಳ್ತಾರ," ಎಂದೆ.

ಅವಳ ನಗು ನಿಂತಿತು. ಅಂದು ರಾಶಿ ರೊಟ್ಟಿಯನ್ನು ನಾನೊಬ್ಬಳೇ ಬಡಿದೆ; ಅವಳು ಕೈ ಚಾಚಿದರೂ ಹಿಟ್ಟು ಕೊಡಲಿಲ್ಲ.

ಆ ಭಾನುವಾರ ಪಾರ್ವತಿಬಾಯಿ ಬಂದರು. ಬಾಗಿಲಲ್ಲಿ ಅವರನ್ನು ಕಂಡ ಕೂಡಲೆ ನಾನು ಬಚ್ಚಲಿಗೆ ಹೋಗಿ ಎಡಗಾಲು ತೊಳೆದುಕೊಂಡು ಬಂದೆ, ಗೋಣಿ ತಟ್ಟು ಹಾಸಿದೆ.

"ಅಲ್ಲವ್ವ ಉಮಾ," ಎಂದರು ಅವರು ತಡವರಿಸುತ್ತ, "ನಾ ದೀಪಾಲಿ ಹಂತ್ಯಾಕ ಬಂದೀನಿ. ಅದೇನೋ ಟೊಂಕ ಎತ್ತೋದು ಕಲಸ್ತಾಳಂತಲ್ಲ."

ಒದ್ದೆ ಕಾಲಿನಲ್ಲೇ ಒಳಗೆ ಹೋದೆ. ಪಡಸಾಲೆಯಲ್ಲಿ ದೀಪಾಲಿ ಹೇಳಿಕೊಡುತ್ತಿದ್ದಳು. ಸ್ನೇಹಲ್ ಜೋರಾಗಿ ಎಣಿಸುತ್ತಿದ್ದಳು. ಮಗಳನ್ನು ಒಳಗೆ ಕರೆದು ಬೈದೆ.

"ಮಗ್ಗಿ ಬರಂಗಿಲ್ಲ, ಊರ ಮಂದಿ ಟೊಂಕ ಎಣಿಸಾಕ ಕುಂತೀದಿ?"

"ದೀಪಾಲಿ ಕಾಕು ನನಗ ಎಣಸು ಅಂದಾಳ. ನಿನಗ್ಯಾಕ ಸಿಟ್ಟು?"

ಕಪಾಳಕ್ಕೆ ಒಂದು ಕೊಟ್ಟೆ. ಅತ್ತೆ ಹೊರಗಿನಿಂದ ಕೇಳಿಸಿಕೊಂಡರು. ಊಟದ ಹೊತ್ತಿಗೆ ಮಗುವನ್ನು ತಮ್ಮ ಮಗ್ಗುಲಲ್ಲಿ ಕೂಡಿಸಿಕೊಂಡು ತುತ್ತು ಮಾಡಿ ಹಾಕಿದರು. ಅತ್ತೆಯ ಟೊಂಕ ಮಾತ್ರ ದಿನದಿನಕ್ಕೆ ಚೆನ್ನಾಯಿತು. ಐದು ವಾರ ನನ್ನ ಕಾಲನ್ನು ಯಾರೂ ಕೇಳಲಿಲ್ಲ.

ಡಿಸೆಂಬರ್ ಕೊನೆಗೆ, ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆ ಬಂತು. ತವರಿನ ಹೊಲಕ್ಕೆ ಕರೆದರೆಂದು ದೀಪಾಲಿ ಹಿಂದಿನ ದಿನವೇ ಮಾಣಿಕನಗರಕ್ಕೆ ಹೋದಳು. ನಾನು ನಸುಕಿನಲ್ಲೆದ್ದು ಸಜ್ಜೆ ಕಡುಬು ಮಾಡಿ, ಕಾಳು, ಸೊಪ್ಪು ಎಲ್ಲ ಕೂಡಿಸಿ ಮಾಡುವ ಭಜ್ಜಿಗೆ ಕುದಿಯಿಟ್ಟೆ. ಬೆಳಕು ಹರಿದ ಮೇಲೆ ಅತ್ತೆ ಒಳಕೋಣೆಯಿಂದ ಕರೆದರು. ಬೋರಲು ಮಲಗಿದ್ದರು.

"ಉಮಾ, ಒಂದು ಸಲ ಕಾಲ ಇಡು."

"ಬ್ಯಾಡಂದಾರಲ್ರಿ ಅತ್ತಿ."

"ಅಂದಾರ. ಇವತ್ತ ಅಮಾಸಿ ಅದ, ಜರಾ ಹಿಡದಂಗ ಆಗ್ಯದ. ಹಗೂರಕ ಮುಟ್ಟು, ಸಾಕು."

ಕಾಲು ತೊಳೆದು ಬಂದೆ. ಒಂದು ಸಲ ಮುಟ್ಟಿದೆ. ಎರಡನೆಯ ಸಲ ಮುಟ್ಟಿದೆ. ಮೂರನೆಯ ಸಲ ಮುಟ್ಟಲಿಲ್ಲ, ತುಳಿದೆ. ಗೋಡೆ ಬಿಟ್ಟು, ಮೈಯ ಭಾರವನ್ನೆಲ್ಲ ಆ ಕಾಲಿಗೆ ಹಾಕಿದೆ. ಉಮಾಳ ಕಾಲಿನಿಂದಲೇ ಪೂರಾ ಗುಣವಾಯಿತು ಎಂದು ದೀಪಾಲಿಗೆ ಅತ್ತೆಯೇ ಹೇಳಬೇಕು, ನನಗೆ ಬೇಕಾದದ್ದು ಅಷ್ಟೇ.

"ಹಾ" ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ ಮಗ್ಗುಲಿಗೆ ಹೊರಳಿ, ಕೈಯೂರಿ ಎದ್ದು ಕುಳಿತರು.

"ಹ್ಯಾಂಗಾತ್ರಿ?"

"ಹಗೂರಾತು. ನೀ ಹೋಗು, ಭಜ್ಜಿ ತಳಾ ಹಿಡದೀತು."

ಓಡಿದೆ. ಅವರ ಪಾದ ಮುಟ್ಟಲಿಲ್ಲ.

ನಾರಾಯಣಪುರದ ದಾರಿಯಲ್ಲಿ ನಮ್ಮದು ಮೂರು ಎಕರೆ ಹೊಲ. ಎತ್ತಿನ ಬಂಡಿಯಲ್ಲಿ ಹೋದೆವು. ಬನ್ನಿ ಗಿಡದ ಕೆಳಗೆ ಪೂಜೆಯಾಯಿತು, ಎಲ್ಲರೂ ಹೊಟ್ಟೆ ತುಂಬ ಉಂಡರು. "ಈ ವರ್ಷ ಭಜ್ಜಿ ಭಾರಿ ಆಗ್ಯದ" ಎಂದು ಅತ್ತೆ ನನ್ನ ಬೆನ್ನು ತಟ್ಟಿದರು. ಆಮೇಲೆ ಗಂಡಸರು ಎಡೆಯ ಅನ್ನವನ್ನು ಹೊಲದ ಸುತ್ತ ಎರಚಿ ಚರಗ ಚೆಲ್ಲಲು ಬದುವಿನ ಕಡೆ ಹೋದರು, ಸ್ನೇಹಲ್ ಅವರ ಹಿಂದೆ ಓಡಿದಳು. ನಾನು ಪಕ್ಕದ ಹೊಲದ ಬಾವಿಯಿಂದ ನೀರು ತರಲು ಹೋದೆ. ತಿರುಗಿ ಬಂದಾಗ ಅತ್ತೆ ಬಂಡಿಯ ಗಾಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದರು, ಮುಖದಲ್ಲಿ ಬೆವರು. ಗಿಡದ ಕೆಳಗಿದ್ದ ಅಂಬಲಿ ಗಡಿಗೆ ಬಂಡಿಯ ಹತ್ತಿರ ಇತ್ತು.

"ಟೊಂಕ ಹಿಡೀತು ಉಮಾ. ಎಡಗಾಲಾಗ ಬೆಂಕಿ ಇಟ್ಟಂಗ ಆಗಾಕತ್ತದ."

ಮರುದಿನ ಬೆಳಿಗ್ಗೆ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹುಮನಾಬಾದಿಗೆ ಹೋದೆವು. ದಾರಿಯ ಪ್ರತಿ ತಗ್ಗಿಗೂ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದರು. ದೀಪಾಲಿ ದವಾಖಾನೆಯ ಬಾಗಿಲಲ್ಲೇ ಕಾಯುತ್ತಿದ್ದಳು. ಯುನೂಸ್ ಎಳೆಯ ವಯಸ್ಸಿನವರು, ಮೂವತ್ತೂ ಆಗಿರಲಿಲ್ಲ. ಅತ್ತೆಯ ಕಾಲಿನ ಹೆಬ್ಬೆರಳನ್ನು ತಮ್ಮ ಬೆರಳಿನಿಂದ ಒತ್ತಿ ಹಿಡಿದು "ಮ್ಯಾಲ ಎತ್ತರಿ ಅವ್ವಾರ" ಎಂದರು. ಬಲಗಾಲಿನದು ಎದ್ದಿತು, ಎಡಗಾಲಿನದು ಅರ್ಧಕ್ಕೆ ನಿಂತಿತು.

"ಯಾರರ ತುಳದಾರೇನ್ರಿ? ಖರೇ ಹೇಳ್ರಿ."

ನಾನು ಅತ್ತೆಯ ಸೆರಗು ಸರಿಮಾಡತೊಡಗಿದೆ.

"ಇಲ್ಲಪ್ಪ," ಎಂದರು ಅತ್ತೆ. "ಅಂಬಲಿ ಗಡಿಗಿ ಎತ್ತೀನಿ. ಬಾಗಿ ಎತ್ತೀನಿ. ನಿನ್ನ ಪಾಠ ಮರತು ಬಿಟ್ಟೆ."

ದೀಪಾಲಿ ನನ್ನ ಕಡೆ ತಿರುಗಿದಳು. "ಬಾಜೂಕೇ ಇದ್ರಲ್ಲಕ್ಕಾ! ಒಂದು ಗಡಿಗಿ ಎತ್ತಿಡಾಕ ಆಗಲಿಲ್ಲೇನ್ರಿ ನಿಮಗ? ಐದು ವಾರ ನಾ ಮಾಡಿದ್ದೆಲ್ಲ ಒಂದು ದಿನದಾಗ ನೀರಾಗ ಹೋತು!"

"ಆಕೀನ್ಯಾಕ ಅಂತಿ?" ಎಂದರು ಅತ್ತೆ. "ಆಕಿ ನೀರಿಗಿ ಹೋಗಿದ್ಳು."

ಆಗ ಹೇಳಬಹುದಿತ್ತು. ಹೇಳಲಿಲ್ಲ. ತುಳಿದದ್ದು ಒಂದು ಗಳಿಗೆಯ ತಪ್ಪು. ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡದು.

ಆಪರೇಷನ್ ಬೇಕಾಗಬಹುದು, ಮೂರು ವಾರ ನೋಡೋಣ ಎಂದರು ಅಲ್ಲಿಯ ದೊಡ್ಡ ಡಾಕ್ಟರು. ಮತ್ತೆ ಮಾಣಿಕನಗರದಲ್ಲೇ ಉಳಿಯಬೇಕಾಯಿತು.

"ಈ ಸಲ ನನ್ನ ಜೋಡಿ ಉಮಾ ಇರ್ಲಿ," ಎಂದರು ಅತ್ತೆ.

"ಅಂದ್ರ?" ದೀಪಾಲಿಯ ಮುಖ ಕೆಂಪಾಯಿತು. "ನನ್ನ ತವರಮನಿಯಾಗ ಅಕ್ಕ ಇರೋದು, ನಾ ಕಲ್ಯಾಣದಾಗ ಕುಂತು ರೊಟ್ಟಿ ಬಡಿಯೋದೇನ್ರಿ?"

"ನಿಂತು ಬಡಿ. ಕಟ್ಟಿ ನಿನ್ನ ಅಳತಿದೇ ಅದಲ್ಲ."

ದೀಪಾಲಿ ಅಳುತ್ತಲೇ ಜೀಪು ಹತ್ತಿದಳು. ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಆ ಮೂರು ವಾರ ಯುನೂಸ್ ನನಗೆ ಕಲಿಸಿದರು. ಈ ಸಲದ ಕಸರತ್ತು ಬೇರೆ: ಬೋರಲು ಮಲಗುವುದು, ನಿಧಾನವಾಗಿ ಮೊಣಕೈ ಊರಿ ಎದೆ ಎತ್ತುವುದು, ಎರಡು ತಾಸಿಗೊಮ್ಮೆ ನಾಲ್ಕು ಹೆಜ್ಜೆ ನಡೆಯುವುದು. "ಕಾಲಾಗಿನ ನೋವು ಮ್ಯಾಲ ಬೆನ್ನಿಗಿ ಬಂತಂದ್ರ ಅಂಜಬ್ಯಾಡ್ರಿ, ಅದು ಚಲೋ ಲಕ್ಷಣ. ಕೆಳಗ ಇಳೀತಂದ್ರ ನಿಲ್ಲಸ್ರಿ, ನನಗ ಹೇಳ್ರಿ," ಎಂದರು. ಆ ನೋವು ಹಿಮ್ಮಡಿಯಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಏರುವುದನ್ನು ನಾನು ದಿನಾ ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದೆ. ದೀಪಾಲಿಯ ತಾಯಿ ನನ್ನನ್ನು ಮಗಳಂತೆ ನೋಡಿಕೊಂಡರು. ಅವರು ಹಾಕಿದ ತುಪ್ಪವನ್ನು ನಾನು ಅತ್ತೆಯ ತಾಟಿಗೆ ಸುರಿದುಬಿಡುತ್ತಿದ್ದೆ.

ಒಂದು ದಿನ ಅತ್ತೆ ಶಾಖ ತೆಗೆದುಕೊಳ್ಳುತ್ತಿದ್ದಾಗ ಹೊರಗೆ ಯುನೂಸ್‌ರನ್ನು ಕೇಳಿದೆ.

"ಸಾಹೇಬ್ರ, ಕಾಲಿಂದ ತುಳದ್ರ ಹಿಂಗಾಗ್ತದೇನ್ರಿ?"

"ಆಗಬಹುದ್ರಿ."

"ಗಡಿಗಿ ಎತ್ತಿದ್ರ?"

"ಅದರಿಂದನೂ ಆಗಬಹುದು. ಒಮ್ಮೊಮ್ಮೆ ಜೋರ ಸೀನಿದ್ರೂ ಆಗ್ತದ. ಯಾಕ ಕೇಳಿದ್ರಿ?"

"ಸುಮ್ಮಗ ಕೇಳಿದೆರಿ."

ಅವರು ನನ್ನ ಮುಖ ನೋಡಿ, ಮುಂದಿನ ರೋಗಿಯನ್ನು ಕರೆದರು.

ಆಪರೇಷನ್ ಬೇಕಾಗಲಿಲ್ಲ. ಮನೆಯಲ್ಲಿ ಹಳೆಯ ಕಸರತ್ತನ್ನೇ ಮತ್ತೆ ಶುರುಮಾಡಿ ಎಂದು ಯುನೂಸ್ ಹೇಳಿ ಕಳಿಸಿದರು. ಕಲ್ಯಾಣಕ್ಕೆ ಬಂದಾಗ ದೀಪಾಲಿ ನನ್ನೊಂದಿಗೆ ಮಾತಾಡಲಿಲ್ಲ. ಎರಡು ದಿನ ನಾನು ಚಾಪೆ ಹಾಸಿ ಎಣಿಸುತ್ತಿದ್ದರೆ ಅವಳು ಅಡಿಗೆಮನೆಯಲ್ಲಿ ಡಬ್ಬಿಗಳನ್ನು ಬಡಿಬಡಿದು ಇಡುತ್ತಿದ್ದಳು. ಮೂರನೆಯ ದಿನ ಬಂದು ನಿಂತಳು.

"ಈಗ ನಾ ಎಣಿಸೋದು ಬ್ಯಾಡಾತೇನ್ರಿ ಅತ್ತಿ?"

ಅತ್ತೆ ಮಲಗಿದಲ್ಲಿಂದಲೇ ಹೇಳಿದರು, "ಮುಂಜಾನಿ ನೀ ಎಣಸು, ಸಂಜಿಕಿ ಆಕಿ ಎಣಸ್ಲಿ. ಟೊಂಕ ಒಂದೇ ಅದ, ಸೊಸ್ತ್ಯಾರು ಇಬ್ಬರು. ಏನ್ ಮಾಡ್ಲಿ?"

"ನನ್ನ ಟೊಂಕಾ ಕೊಡ್ಲೇನು ಒಬ್ಬಾಕಿಗಿ?" ಎಂದರು ಮಾವ ಪೇಪರಿನ ಹಿಂದಿನಿಂದ. ದೀಪಾಲಿಗೆ ತಡೆಯದೆ ನಗು ಬಂತು. ಆ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಉಂಡೆವು.

ಆ ವಾರದ ಒಂದು ಸಂಜೆ ಮನೆಯಲ್ಲಿ ಅತ್ತೆ, ನಾನು ಇಬ್ಬರೇ ಇದ್ದೆವು. ಅತ್ತೆ ಟೊಂಕ ಎತ್ತಿ ಇಳಿಸುತ್ತಿದ್ದರು. ಕೇಳಲೇಬೇಕೆಂದು ಕೇಳಿದೆ.

"ಅತ್ತಿ, ಅವತ್ತ ಗಡಿಗಿ ಖರೇನೇ ಎತ್ತಿದ್ರೇನ್ರಿ?"

ಅವರು ಮೇಲೆ ಮಾಳಿಗೆಯ ತೊಲೆ ನೋಡುತ್ತಿದ್ದರು.

"ಎಷ್ಟಾತು?"

"ಏಳ್ರಿ."

"ಮುಂದ ಎಣಸು."

ಎಣಿಸಿದೆ.

ಅತ್ತೆ ಆಮೇಲೆ ಎಂಟು ವರ್ಷ ಬದುಕಿದರು. ಎರಡು ಸಾವಿರದ ಆರರಲ್ಲಿ ಜ್ವರ ಬಂದು ಹೋದರು. ಕೊನೆಯ ವಾರದವರೆಗೂ ನಡೆದಾಡಿದರು, ಆದರೆ ಎಡಗಾಲಿನ ಹೆಬ್ಬೆರಳಿಗೆ ಪೂರಾ ಬಲ ಬರಲಿಲ್ಲ. ಆ ಕಾಲಿನ ಚಪ್ಪಲಿ ಆಗಾಗ ಕಳಚಿ ಬೀಳುತ್ತಿತ್ತು. ಹಿಂದೆ ನಡೆಯುತ್ತಿದ್ದವಳು ನಾನಾದರೆ ನಾನು, ದೀಪಾಲಿಯಾದರೆ ದೀಪಾಲಿ, ಎತ್ತಿ ತೊಡಿಸುತ್ತಿದ್ದೆವು.

ಗಡಿಗೆಯನ್ನು ಬಂಡಿಯ ಹತ್ತಿರ ತಂದಿಟ್ಟವರು ಯಾರೆಂದು ನನ್ನ ಗಂಡನನ್ನೂ ಮೈದುನನನ್ನೂ ಎಷ್ಟೋ ಸಲ ಕೇಳಿದ್ದೇನೆ. ನೆನಪಿಲ್ಲ ಎನ್ನುತ್ತಾರೆ. ಅಮಾವಾಸ್ಯೆಯ ಆ ಬೆಳಿಗ್ಗೆ ಅತ್ತೆಗೆ ನಿಜವಾಗಿ ಟೊಂಕ ಹಿಡಿದಿತ್ತೋ, ಇಲ್ಲ ಯಾರೂ ಕೇಳದೇ ಹೋಗಿದ್ದ ನನ್ನನ್ನು ನೋಡಲಾರದೆ ಕರೆದರೋ, ಅದು ನನಗೆ ಗೊತ್ತಿಲ್ಲ.